ಹಂಸ ಮುಳುಗಲಿಲ್ಲ

ನಮ್ಮ ಅಣ್ಣ ಹೈಸ್ಕೂಲ್ ಹೆಡ್ ಮಾಸ್ಟರ್ ಆಗಿದ್ದವರು. ಅಣ್ಣ ಅಂದರೆ ನಮ್ಮ ತಂದೆ. ಮನೆಯಲ್ಲಿ ಹಾಗೇ ಕರೆದು ರೂಢಿ. ರಿಟೈರ್ ಆದಮೇಲೆ ಅವರಿಗೆ ಇನ್ನೊಂದು ಕೆಲಸ ಸಿಕ್ಕಿತು: ಸನ್ಮಾನ ಮಾಡಿಸಿಕೊಳ್ಳುವುದು. ರಾಜ್ಯೋತ್ಸವ ನವೆಂಬರ್ 1ಕ್ಕೆ ಅಂತ ಕ್ಯಾಲೆಂಡರ್ ಹೇಳುತ್ತದೆ. ನಮ್ಮ ಬಡಾವಣೆಯಲ್ಲಿ ಅದು ಸಂಕ್ರಾಂತಿಗೆ ಎಳ್ಳು ಬೀರುವವರೆಗೂ ನಡೆಯುತ್ತಿತ್ತು. ಪ್ರತಿ ವೇದಿಕೆಯಲ್ಲೂ ಒಂದು ಹಾರ, ಒಂದು ಪೇಟ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಕೊನೆಗೊಂದು ಸ್ಮರಣಿಕೆ. ಹಣ್ಣು ನಾವು ತಿಂದೆವು. ಹಾರ ಬೀದಿ ಹಸು ತಿಂದಿತು. ಶಾಲುಗಳು ಒಂದೊಂದಾಗಿ ಬೇರೆಯವರ ಸನ್ಮಾನಕ್ಕೆ ಹೋದವು. ಸ್ಮರಣಿಕೆಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವುಗಳ ಮೇಲೆ ಅಣ್ಣನ ಹೆಸರು ಬರೆದಿತ್ತು.

ಅಣ್ಣ ಹೋಗಿ ಆರು ವರ್ಷ ಆಯಿತು. ಹೋದ ಸಲ ಯುಗಾದಿಗೆ ಮುಂಚೆ ನನ್ನ ಹೆಂಡತಿ ಏಣಿ ಹಾಕಿ ಅಟ್ಟ ಹತ್ತಿದಳು. ಅವಳು ಮೇಲಿಂದ ಒಂದೊಂದೇ ಇಳಿಸುತ್ತಾ ಹೋದಳು, ನಾನು ಕೆಳಗೆ ನಿಂತು ಬರೆದುಕೊಳ್ಳುತ್ತಾ ಹೋದೆ. ಬ್ಯಾಂಕಿನಲ್ಲಿ 31 ವರ್ಷ ದುಡಿದವನಿಗೆ ಲೆಕ್ಕ ಬರೆಯದೆ ಏನನ್ನೂ ಇಳಿಸಿಕೊಳ್ಳಲು ಬರುವುದಿಲ್ಲ. ಮರದ ಹಲಗೆಗೆ ಕೂರಿಸಿದ ಗಡಿಯಾರ ಒಂಬತ್ತು, ಒಂಬತ್ತೂ ಬೇರೆ ಬೇರೆ ಹೊತ್ತಿಗೆ ನಿಂತಿವೆ. ಚಿನ್ನದ ಬಣ್ಣದ ಪ್ಲಾಸ್ಟಿಕ್ ನವಿಲು ನಾಲ್ಕು. ಹಾಯಿ ಹಡಗು ಒಂದು. (ಅಣ್ಣ ಜೀವನದಲ್ಲಿ ಸಮುದ್ರ ನೋಡಿದ್ದೇ ಎರಡು ಸಲ.) ಕರ್ನಾಟಕದ ನಕ್ಷೆ ಏಳು. ಫೈಬರ್ ವಿವೇಕಾನಂದರು ಮೂವರು. ಸರಸ್ವತಿಯರು ಐವರು. ಇನ್ನುಳಿದವು ಏನೆಂದು ಕೊಟ್ಟವರಿಗೂ ಗೊತ್ತಿರಲಾರದು. ಒಟ್ಟು 41.

ಇದರ ಜೊತೆಗೆ ಚಿತ್ರಗಳು ಬೇರೆ. ನಮ್ಮ ಮದುವೆಗೆ ಬಂದ ಸೂರ್ಯಾಸ್ತಗಳು, ಅತ್ತೆ ಕಸೂತಿ ಹಾಕಿದ ಗಿಳಿ ಜೋಡಿ, ಮಗಳು ಏಳನೇ ಕ್ಲಾಸಿನಲ್ಲಿ ಮಾಡಿದ ಮಡಕೆ ಪೇಂಟಿಂಗ್, ಹಳೇ ಪಂಚೆಯಲ್ಲಿ ಸುತ್ತಿಟ್ಟ ಅಜ್ಜಿಯ ಲಕ್ಷ್ಮೀ ಪಟ.

"ಇವನ್ನೆಲ್ಲ ಏನ್ ಮಾಡ್ತೀರೋ ಮಾಡಿ. ಹಬ್ಬಕ್ಕೆ ಮುಂಚೆ ನನಗೆ ಅಟ್ಟ ಖಾಲಿ ಬೇಕು" ಎಂದಳು.

ಈ ಮಾತು ಅವಳು ಬೇರೆ ಯಾವ ವರ್ಷ ಹೇಳಿದ್ದರೂ ನಾನು ಗುಜರಿಯವನನ್ನು ಕರೆದು ಕೊಟ್ಟುಬಿಡುತ್ತಿದ್ದೆ. ಆದರೆ ಆ ವರ್ಷ ನಾನು ವಿಆರ್‌ಎಸ್ ತೆಗೆದುಕೊಂಡು, ಹೊತ್ತು ಹೋಗದೆ, ಶನಿವಾರದ ಪೇಂಟಿಂಗ್ ಕ್ಲಾಸಿಗೆ ಸೇರಿದ್ದೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ, ಬಿಸಿಲಲ್ಲಿ ಸುತ್ತಿ, ಎರಡು ಲೋಟ ಕಬ್ಬಿನ ಹಾಲು ಕುಡಿದು, "ಇಷ್ಟು ನಾನೂ ಮಾಡಬಹುದಲ್ಲ" ಅಂತ ಅನ್ನಿಸಿಕೊಂಡು ಬಂದಿದ್ದೆ. ಆ ಅನ್ನಿಸಿಕೆ ಬಹಳ ಅಪಾಯದ್ದು.

ಮೇಷ್ಟ್ರು ಮೊದಲ ದಿನವೇ ಕ್ಯಾನ್ವಾಸ್ ತನ್ನಿ ಎಂದರು. ಅಂಗಡಿಗೆ ಹೋಗಿ ಎರಡು ಅಡಿಗೆ ಮೂರು ಅಡಿಯ ಒಂದು ಕ್ಯಾನ್ವಾಸಿನ ಬೆಲೆ ಕೇಳಿದೆ. ಖಾಲಿ ಬಟ್ಟೆಗೇ ಅಷ್ಟಾದರೆ ಬಿಡಿಸಿದ್ದಕ್ಕೆ ಎಷ್ಟು ಅಂತ ಗಾಬರಿಯಾಯಿತು. ಮೇಷ್ಟ್ರ ಹತ್ತಿರ ಹೇಳಿಕೊಂಡೆ. ಅವರು ನಕ್ಕು, "ವ್ಯಾನ್ ಗೋ ಕೂಡ ನಿಮ್ಮ ಹಾಗೇ ಸಾರ್, ದುಡ್ಡಿಲ್ಲದೆ ತನ್ನ ಹಳೇ ಚಿತ್ರದ ಮೇಲೇ ಹೊಸದು ಬಿಡಿಸ್ತಿದ್ದ" ಎಂದರು. 1887ರಲ್ಲಿ ಅವನು ಬರೆದ ಒಂದು ಹುಲ್ಲಿನ ಚಿತ್ರವನ್ನು 2008ರಲ್ಲಿ ಎಕ್ಸ್‌ರೇ ಹಿಡಿದು ನೋಡಿದರೆ, ಹುಲ್ಲಿನ ಕೆಳಗೆ ಒಬ್ಬ ಹೆಂಗಸಿನ ಮುಖ ಇತ್ತಂತೆ. ನಾನು ಇದನ್ನು ಮನೆಗೆ ಬಂದು ಖುಷಿಯಿಂದ ಹೇಳಿದೆ.

"ನಿಮ್ಮದನ್ನ ಯಾರು ಎಕ್ಸ್‌ರೇ ತೆಗೀತಾರೆ?" ಅಂದಳು ಹೆಂಡತಿ.

ಆದರೂ ದಾರಿ ಸಿಕ್ಕಿತ್ತು. ಭಾನುವಾರ ಬೆಳಿಗ್ಗೆ ಕೆ.ಆರ್. ಮಾರ್ಕೆಟ್ ಹತ್ತಿರ ಫುಟ್‌ಪಾತ್ ತುಂಬ ಹಳೇ ಸಾಮಾನು ಹರಡಿರುತ್ತಾರಲ್ಲ, ಅಲ್ಲಿಗೆ ಹೋದೆ. ಯಾವ ಟಿವಿಯದೋ ರಿಮೋಟುಗಳ ಗುಡ್ಡೆ, ಒಂಟಿ ಸ್ಪೀಕರ್, ಬಲಗಾಲಿನ ಶೂ. ಅವುಗಳ ಹಿಂದೆ ಗೋಡೆಗೆ ಒರಗಿ ನಿಂತಿತ್ತು ನಮ್ಮ ಹಂಸ. ಸರೋವರದಲ್ಲಿ ಒಂದು ದೊಡ್ಡ ಬಿಳಿ ಹಂಸ. ಹಿಂದೆ ಹಿಮ ಮುಚ್ಚಿದ ಬೆಟ್ಟ. ದಡದಲ್ಲಿ ಹೊಗೆ ಬಿಡುವ ಗುಡಿಸಲು, ಅದರ ಪಕ್ಕದಲ್ಲಿ ತೆಂಗಿನಮರ.

"ಒರಿಜಿನಲ್ ಆಯಿಲ್ ಪೇಂಟಿಂಗ್ ಸಾರ್. ಐನೂರು ಕೊಡಿ."

"ಹಿಮದ ಪಕ್ಕದಲ್ಲಿ ತೆಂಗಿನಮರ ಇದೆಯಲ್ಲಪ್ಪ?"

"ಅದಕ್ಕೇ ಸಾರ್ ಐನೂರು. ಇಲ್ಲಾಂದ್ರೆ ಸಾವಿರ."

ನೂರಾ ಎಂಬತ್ತಕ್ಕೆ ಬಿಟ್ಟ. ಬಸ್ಸಿನಲ್ಲಿ ತರುವಾಗ ಪಕ್ಕದಲ್ಲಿ ಕೂತಿದ್ದ ಅಜ್ಜಿ "ಚೆನ್ನಾಗಿದೆ ಕಣಪ್ಪ, ಗೃಹಪ್ರವೇಶಕ್ಕಾ?" ಎಂದು ಕೇಳಿದರು. ಇದರ ಮೇಲೆ ಬಣ್ಣ ಬಳಿಯುವುದಕ್ಕೆ ಅಂತ ಹೇಳಲು ಬಾಯಿ ಬರಲಿಲ್ಲ. ಮನೆಗೆ ಬಂದು ತಿರುಗಿಸಿ ನೋಡಿದರೆ, ಹಿಂಬದಿಯ ಬಟ್ಟೆಯ ಮೇಲೆ ಮಾಸಿದ ಬಾಲ್ ಪೆನ್ನಿನಲ್ಲಿ "ತೃತೀಯ ಬಹುಮಾನ, 1987" ಅಂತ ಇತ್ತು. ಬರೆದವರ ಹೆಸರಿಲ್ಲ.

"ಪಾಪ, ಯಾರೋ ಬಹುಮಾನ ತಗೊಂಡಿರೋದು ಕಣ್ರೀ. ಅದರ ಮೇಲೆ ಬಳೀತೀರಾ?"

ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ಅದಕ್ಕೇ ಜೋರಾಗಿ ವಾದ ಮಾಡಿದೆ. ಡೆನ್ಮಾರ್ಕಿನ ಆಸ್ಗರ್ ಯೋರ್ನ್ ಎಂಬ ಕಲಾವಿದ ಗುಜರಿ ಸಂತೆಯಲ್ಲಿ ಇಂಥವೇ ಚಿತ್ರಗಳನ್ನು ಕೊಳ್ಳುತ್ತಿದ್ದ. ಯಾರೋ ಹೆಸರಿಲ್ಲದವರು ಬರೆದ ಬೆಟ್ಟ, ಕೊಳ, ಹಳ್ಳಿ ಬೀದಿ. ಅವುಗಳ ಮೇಲೆ ತನ್ನ ವಿಚಿತ್ರ ಪ್ರಾಣಿಗಳನ್ನು, ಬಣ್ಣದ ಸುರುಳಿಗಳನ್ನು ಬಿಟ್ಟು 1959ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಮಾಡಿದ. ಹಳೇ ಚಿತ್ರವನ್ನು ಪೂರ್ತಿ ಮುಚ್ಚುತ್ತಿರಲಿಲ್ಲ, ಅದರ ಜೊತೆ ಜಗಳವಾಡುತ್ತಿದ್ದ. ಈಗ ಅವು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ.

"ಅಂದ್ರೆ ಆ ಹಳೇ ಚಿತ್ರ ಬರೆದವರ ಹೆಸರೂ ಮ್ಯೂಸಿಯಂನಲ್ಲಿ ಹಾಕಿದ್ದಾರಾ?"

ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಸರಿಯಾದ ಪ್ರಶ್ನೆ ಯಾವಾಗಲೂ ಅಡುಗೆಮನೆ ಕಡೆಯಿಂದಲೇ ಬರುತ್ತದೆ. ನಾನು ಉತ್ತರ ಕೊಡದೆ ಬ್ರಷ್ ಹುಡುಕಲು ಹೋದೆ.

ಹೊಸ ಚಿತ್ರಕ್ಕೆ ಮೊದಲು ಹಳೇ ಚಿತ್ರಕ್ಕೆ ಬಿಳಿ ಹೊಡೆಯಬೇಕು. ಮನೆಗೆ ಬಣ್ಣ ಮಾಡಿಸಿದಾಗ ಉಳಿದಿದ್ದ ಗೋಡೆ ಪ್ರೈಮರ್ ಅರ್ಧ ಡಬ್ಬ ಇತ್ತು. ಗೋಡೆಗೆ ಆಗುತ್ತದೆ ಅಂದಮೇಲೆ ಬಟ್ಟೆಗೆ ಯಾಕೆ ಆಗುವುದಿಲ್ಲ? ಎರಡು ಕೋಟ್ ಹೊಡೆದೆ. ಹಂಸ ಹೋಯಿತು, ಬೆಟ್ಟ ಹೋಯಿತು, ಕೊನೆಗೆ ತೆಂಗಿನಮರವೂ ಹೋಯಿತು. ಅದರ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಒಂದು ಕಿತ್ತಳೆ ಪಟ್ಟಿ, ಒಂದು ನೀಲಿ ಪಟ್ಟಿ, ನಡುವೆ ಒಂದಿಷ್ಟು ಕಪ್ಪು ಚುಕ್ಕೆ. ಹೆಸರು "ಮೌನ". ಅಮೂರ್ತ ಚಿತ್ರಕ್ಕೆ ಹೆಸರಿಡುವುದು ಬಹಳ ಸುಲಭ. ಮೌನ, ಪಯಣ, ಹುಡುಕಾಟ, ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಹಾಲ್‌ನಲ್ಲಿ ಸೋಫಾ ಮೇಲಿನ ಗೋಡೆಗೆ ತೂಗುಹಾಕಿದೆ.

"ಮೌನ" ಮೂರು ವಾರ ಸುಮ್ಮನಿತ್ತು. ಆಮೇಲೆ ಬೇಸಿಗೆ ಬಂತು. ಒಂದು ಮಧ್ಯಾಹ್ನ ನೋಡುತ್ತೇನೆ, ಕಿತ್ತಳೆ ಪಟ್ಟಿಯ ಅಂಚು ಬಾಣಲೆಗೆ ಬಿಟ್ಟ ಹಪ್ಪಳದ ಹಾಗೆ ಮೇಲಕ್ಕೆದ್ದಿದೆ. ಮಾರನೇ ದಿನ ನೀಲಿಯೂ ಎದ್ದಿತು. ಭಾನುವಾರ ನಮ್ಮ ಭಾವ ಬಂದಿದ್ದರು. ಸೋಫಾದಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. "ಕ್ಯಾರೆಟ್ ಸ್ವಲ್ಪ ಬೇಯಬೇಕಿತ್ತು" ಎಂದು ತಟ್ಟೆಯಿಂದ ಒಂದು ಕಿತ್ತಳೆ ಚೂರನ್ನು ಎತ್ತಿ ಪಕ್ಕಕ್ಕಿಟ್ಟರು. ಉಪ್ಪಿಟ್ಟಿಗೆ ಅವತ್ತು ಕ್ಯಾರೆಟ್ ಹಾಕಿರಲಿಲ್ಲ.

ಮೇಷ್ಟ್ರು ಚೂರನ್ನು ಬೆರಳಲ್ಲಿ ಮುರಿದು ನೋಡಿ ತಲೆ ಚಚ್ಚಿಕೊಂಡರು. ವಿಷಯ ಇಷ್ಟೇ: ಕೆಳಗಿರುವುದು ಎಣ್ಣೆ ಬಣ್ಣ. ಪ್ರೈಮರ್, ಅಕ್ರಿಲಿಕ್ ಎರಡೂ ನೀರಿನವು. ನೀರಿನ ಬಣ್ಣದ ಮೇಲೆ ಎಣ್ಣೆ ಬಣ್ಣ ಕೂರುತ್ತದೆ, ಎಣ್ಣೆಯ ಮೇಲೆ ನೀರಿನದು ಹಿಡಿದುಕೊಳ್ಳುವುದಿಲ್ಲ. ನಮ್ಮಮ್ಮ ಕೆಸುವಿನೆಲೆ ತೊಳೆಯುವುದನ್ನು ಚಿಕ್ಕಂದಿನಿಂದ ನೋಡಿದವನಿಗೆ ಇದು ತಾನಾಗೇ ಹೊಳೆಯಬೇಕಿತ್ತು. "ಪೂರ್ತಿ ಕೆರೆದು ತೆಗೀರಿ. ಆಮೇಲೆ ಹಳೇ ಬಣ್ಣ ಸ್ವಲ್ಪ ತರಿಯಾಗೋ ಹಾಗೆ ಸ್ಯಾಂಡ್ ಪೇಪರ್ ಹಾಕಿ, ಎಣ್ಣೆ ಬಣ್ಣದಲ್ಲೇ ಕೆಲಸ ಮಾಡಿ. ಒಣದಾಗಿ ಮಾತ್ರ ತಿಕ್ಕಬೇಡಿ ಸಾರ್. ಹಳೇ ಬಣ್ಣದಲ್ಲಿ ಸೀಸ ಇದ್ದರೂ ಇರಬಹುದು. ನೀರು ಚಿಮುಕಿಸಿ, ಮಾಸ್ಕ್ ಕಟ್ಟಿ ತಿಕ್ಕಿ."

"ಮೌನ" ಕೆರೆಯುವುದಕ್ಕೆ ಕಷ್ಟವೇ ಆಗಲಿಲ್ಲ. ಬೇಯಿಸಿದ ಆಲೂಗಡ್ಡೆ ಸಿಪ್ಪೆ ಸುಲಿದ ಹಾಗೆ ಬಂತು. ಕೆಳಗೆ ಹಂಸ, ಏನೂ ಆಗದವರ ಹಾಗೆ ತೇಲುತ್ತಿತ್ತು.

ಈಗ ಅದನ್ನು ತಿಕ್ಕಬೇಕು. ಟೆರೇಸಿನಲ್ಲಿ ಮೂರು ದಿನ ತಿಕ್ಕಿದೆ. ಬೆಟ್ಟ ಬೇಗ ಹೋಯಿತು. ಗುಡಿಸಲು ಒಂದು ಗಂಟೆಯ ಕೆಲಸ. ಹಂಸ ಮಾತ್ರ ಜಪ್ಪಯ್ಯ ಅನ್ನಲಿಲ್ಲ. 1987ರ ಆ ಪುಣ್ಯಾತ್ಮ ಅದರ ಕತ್ತಿಗೆ ಚಾಕುವಿನಲ್ಲಿ ಬೆಣ್ಣೆ ಹಚ್ಚಿದ ಹಾಗೆ ದಪ್ಪಗೆ ಬಣ್ಣ ಹಚ್ಚಿದ್ದ. ಅವನ ಬಹುಮಾನವೆಲ್ಲ ಆ ಕತ್ತಿನಲ್ಲೇ ಇತ್ತು ಅಂತ ಕಾಣುತ್ತದೆ. ಸುತ್ತಲಿನದೆಲ್ಲ ಸವೆದರೂ ಅದು ಬಾಣಂತಿಯ ಹೊಟ್ಟೆಯ ಗೆರೆಯ ಹಾಗೆ ಉಬ್ಬಿಕೊಂಡೇ ಉಳಿಯಿತು.

ತಿಕ್ಕುವಾಗ ನನಗೆ ಅಮೆರಿಕದ ರಾಬರ್ಟ್ ರೌಶೆನ್‌ಬರ್ಗ್ ನೆನಪಾಗುತ್ತಿದ್ದ. 1953ರಲ್ಲಿ ಅವನಿಗೆ ಒಂದು ಹುಚ್ಚು ಹಿಡಿಯಿತು: ಅಳಿಸುವುದರಿಂದಲೇ ಒಂದು ಚಿತ್ರ ಮಾಡಬೇಕು. ತನ್ನದೇ ಚಿತ್ರ ಅಳಿಸಿ ನೋಡಿದ, ಸರಿ ಬರಲಿಲ್ಲ. ಆಗ ಆ ಕಾಲದ ದೊಡ್ಡ ಕಲಾವಿದ ವಿಲ್ಲೆಮ್ ಡಿ ಕೂನಿಂಗ್ ಮನೆಗೆ ಒಂದು ಬಾಟಲಿ ವಿಸ್ಕಿ ಹಿಡಿದುಕೊಂಡು ಹೋಗಿ, "ನಿಮ್ಮದೊಂದು ಚಿತ್ರ ಕೊಡಿ, ಅಳಿಸಬೇಕು" ಅಂತ ಕೇಳಿದ. ಡಿ ಕೂನಿಂಗ್ ಬಯ್ಯಲಿಲ್ಲ. ಆದರೆ ಬೇಕೆಂದೇ ಅಳಿಸಲು ಬಹಳ ಕಷ್ಟವಾಗುವ ಒಂದು ಚಿತ್ರ ಹುಡುಕಿ ಕೊಟ್ಟ. ರೌಶೆನ್‌ಬರ್ಗ್ ವಾರಗಟ್ಟಲೆ ಕೂತು ರಬ್ಬರುಗಳನ್ನು ಸವೆಸಿದ. ಅಷ್ಟು ಮಾಡಿದರೂ ಆ ಕಾಗದದ ಮೇಲೆ ಹಳೇ ಗೆರೆಗಳ ನೆರಳು ಇವತ್ತಿಗೂ ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂನಲ್ಲಿದೆ.

ಅವನು ಯಜಮಾನರನ್ನು ಕೇಳಿ ಅಳಿಸಿದ್ದ. ನಾನು ಕೇಳಿರಲಿಲ್ಲ. ಕೇಳಬೇಕೆಂದರೂ ವಿಳಾಸ ಗೊತ್ತಿಲ್ಲ, ವಿಸ್ಕಿಗೆ ಮನೆಯಲ್ಲಿ ಪರವಾನಗಿಯೂ ಇಲ್ಲ.

ಸರಿ, ಉಬ್ಬು ಉಬ್ಬಿನ ಪಾಡಿಗೆ ಇರಲಿ ಅಂತ ಎರಡನೇ ಚಿತ್ರ ಶುರು ಮಾಡಿದೆ. ಈ ಸಲ ಎಣ್ಣೆ ಬಣ್ಣ. ಕಡು ಹಸಿರು, ಅದರ ಮೇಲೆ ಬೂದು, ಅಲ್ಲಲ್ಲಿ ಕುಂಕುಮದ ಕೆಂಪು. ಹೆಸರು "ಪಯಣ". ಒಣಗುವುದಕ್ಕೇ ವಾರಗಟ್ಟಲೆ ಹಿಡಿಯಿತು. ಬೆಳಿಗ್ಗೆ ಹೊತ್ತು ನೋಡಿದರೆ ನನಗೇ ಹೆಮ್ಮೆಯಾಗುತ್ತಿತ್ತು. ತೊಂದರೆ ಬಂದದ್ದು ಸಂಜೆ ನಾಲ್ಕಕ್ಕೆ. ಆ ಹೊತ್ತಿಗೆ ನಮ್ಮ ಪಶ್ಚಿಮದ ಕಿಟಕಿಯಿಂದ ಬಿಸಿಲು ಗೋಡೆಗೆ ಅಡ್ಡಲಾಗಿ ಬೀಳುತ್ತದೆ. ಆಗ ಬಣ್ಣ ಯಾವುದೂ ಕಾಣುವುದಿಲ್ಲ, ಉಬ್ಬು ಮಾತ್ರ ಕಾಣುತ್ತದೆ. ಮೇಲಕ್ಕೆ ಹೋಗಿ ಮುಂದಕ್ಕೆ ಬಾಗಿದ ಕತ್ತು, ತುದಿಯಲ್ಲಿ ಕೊಕ್ಕು.

ಪಕ್ಕದ ಮನೆ ಆಂಟಿ ಹೆಪ್ಪಿಗೆ ಮೊಸರು ಕೇಳಿಕೊಂಡು ಸರಿಯಾಗಿ ನಾಲ್ಕು ಗಂಟೆಗೇ ಬಂದರು. ಗೋಡೆ ನೋಡಿದರು. ಕನ್ನಡಕ ಸರಿಮಾಡಿಕೊಂಡರು. "ಓ, ನಲ್ಲಿ ಬರೆದಿದ್ದೀರಾ! ನೀರು ಉಳಿಸಿ ಅಂತಾನಾ? ಒಳ್ಳೇದು ಒಳ್ಳೇದು, ಈಗ ಬೇಕಾಗಿರೋದೇ ಅದು" ಎಂದರು.

ಹಳೇ ಚಿತ್ರ ಹೀಗೆ ಹೊಸ ಚಿತ್ರದೊಳಗಿಂದ ಇಣುಕುವುದಕ್ಕೆ ಇಟಲಿಯವರು ಪೆಂಟಿಮೆಂಟೋ ಅನ್ನುತ್ತಾರೆ. ಎಣ್ಣೆ ಬಣ್ಣ ಕಾಲ ಕಳೆದಂತೆ ಸ್ವಲ್ಪ ಸ್ವಲ್ಪವೇ ಪಾರದರ್ಶಕವಾಗುತ್ತದೆ, ಕಲಾವಿದ ಮೊದಲು ಬರೆದು ಮುಚ್ಚಿದ್ದು ನೂರಾರು ವರ್ಷದ ಮೇಲೆ ಎದ್ದು ಬರುತ್ತದೆ. ಆ ಪದದ ಅರ್ಥ ಪಶ್ಚಾತ್ತಾಪ. ಇಟಲಿಯವರಿಗೆ ಅದಕ್ಕೆ ನೂರಾರು ವರ್ಷ ಬೇಕಾಗುತ್ತದೆ. ನನಗೆ ಮೊಸರು ಕೇಳಲು ಬರುವಷ್ಟು ಹೊತ್ತು ಸಾಕಾಯಿತು.

ಆಂಟಿ ಹೋದ ಮೇಲೆ ಚಿತ್ರವನ್ನು ತಲೆಕೆಳಗು ಮಾಡಿ ತೂಗುಹಾಕಿದೆ. ಇದರಲ್ಲಿ ನಾಚಿಕೆ ಏನಿಲ್ಲ. 1961ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಮಾತಿಸ್ಸನ ಒಂದು ದೋಣಿ ಚಿತ್ರ 47 ದಿನ ತಲೆಕೆಳಗಾಗಿ ನೇತಾಡಿತ್ತು. ಅಷ್ಟು ದಿನ ಬಂದುಹೋದ ಸಾವಿರಾರು ಜನರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ನೋಡಲು ಬಂದ ಒಬ್ಬ ಹೆಂಗಸು ಹಿಡಿದುಬಿಟ್ಟಳು.

ಇಷ್ಟರಲ್ಲಿ ಯುಗಾದಿ ಕಳೆದು ಗೌರಿ ಹಬ್ಬ ಹತ್ತಿರ ಬಂದಿತ್ತು. 41 ಸ್ಮರಣಿಕೆಗಳು ಇನ್ನೂ ಹಾಲ್‌ನಲ್ಲೇ ಇದ್ದವು. ಹೆಂಡತಿ ಅವುಗಳ ಸುತ್ತ ರಂಗೋಲಿ ಸುತ್ತಿದ ಹಾಗೆ ಗುಡಿಸುತ್ತಿದ್ದಳು.

ಚಿತ್ರದಲ್ಲಿ ಕೈ ಸುಟ್ಟುಕೊಂಡವನು ಶಿಲ್ಪಕ್ಕೆ ಇಳಿದೆ. ಮೊದಲ ತಕರಾರು ಅಮ್ಮನಿಂದ ಬಂತು. "ಸರಸ್ವತೀನ ಒಡೆದರೆ ನೋಡು!" ಸರಿ, ದೇವರಿಗೆಲ್ಲ ವಿನಾಯಿತಿ. ವಿವೇಕಾನಂದರಿಗೂ ವಿನಾಯಿತಿ. ಅವರನ್ನೆಲ್ಲ ಏನು ಮಾಡುವುದು? ಬೆಂಗಳೂರಿನಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ: ಅಶ್ವತ್ಥ ಕಟ್ಟೆ. ಗಾಜು ಒಡೆದ ವೆಂಕಟರಮಣ, ಸೊಂಡಿಲು ಮುರಿದ ಗಣಪತಿ, ಹಳೇ ಕ್ಯಾಲೆಂಡರಿನ ಲಕ್ಷ್ಮಿ, ಎಲ್ಲರೂ ಅಲ್ಲಿ ಮರಕ್ಕೆ ಒರಗಿ ಕೂತಿರುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳಲು ಆಗದ, ಎಸೆಯಲು ಕೈ ಬಾರದ ಚಿತ್ರಗಳಿಗೆ ಇದಕ್ಕಿಂತ ಒಳ್ಳೆ ಗ್ಯಾಲರಿ ಇಲ್ಲ. ಮಳೆ ಬಂದರೆ ಬಣ್ಣ ಇಳಿದು ಎಲ್ಲರೂ ಅಮೂರ್ತರಾಗುತ್ತಾರೆ. ಐವರು ಸರಸ್ವತಿಯರನ್ನು, ಮೂವರು ಸ್ವಾಮಿಗಳನ್ನು ಸ್ಕೂಟರ್ ಮೇಲೆ ಎರಡು ಟ್ರಿಪ್ಪಿನಲ್ಲಿ ಬಿಟ್ಟು ಬಂದೆ. ಉಳಿದದ್ದು 33.

ಮಗಳು ಮೊಬೈಲಿನಲ್ಲಿ ಲೂಯಿಸ್ ನೆವೆಲ್‌ಸನ್ ಎಂಬ ಹೆಂಗಸಿನ ಕೆಲಸ ತೋರಿಸಿದಳು. ನ್ಯೂಯಾರ್ಕಿನ ಬೀದಿಗಳಲ್ಲಿ ಬಿದ್ದ ಮರದ ತುಂಡು, ಕುರ್ಚಿ ಕಾಲು, ಮೆಟ್ಟಿಲ ಕಟಕಟೆ ಆಯ್ದು ತಂದು, ಪೆಟ್ಟಿಗೆಗಳಲ್ಲಿ ಜೋಡಿಸಿ, ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಬಳಿಯುತ್ತಿದ್ದರು. 1958ರಲ್ಲಿ ಮಾಡಿದ್ದು ಒಂದು ಇಡೀ ಗೋಡೆಯಷ್ಟು ಎತ್ತರ. ಗುಟ್ಟು ಆ ಒಂದೇ ಬಣ್ಣದಲ್ಲಿದೆ. ಬೇರೆ ಬೇರೆ ಬಣ್ಣ ಇರುವಾಗ ಕುರ್ಚಿ ಕಾಲು ಕುರ್ಚಿ ಕಾಲೇ. ಕಪ್ಪಾದ ಕೂಡಲೇ ಅದರ ಹಳೇ ಕೆಲಸ ಮರೆತುಹೋಗಿ, ಆಕಾರ ಮತ್ತು ನೆರಳು ಮಾತ್ರ ಉಳಿಯುತ್ತದೆ. ಇದು ನನಗೆ ಹೇಳಿಮಾಡಿಸಿದ ಹಾಗಿತ್ತು. ಚಿನ್ನದ ನವಿಲಿಗೆ ಕಪ್ಪು ಬಳಿದರೆ ಅದಕ್ಕೂ ಮರ್ಯಾದೆ ಬರಬಹುದು.

ಚಂಡೀಗಢದ ನೇಕ್ ಚಂದ್ ವಿಷಯವನ್ನೂ ಹೆಂಡತಿಗೆ ಹೇಳಿದೆ. ರಸ್ತೆ ಇನ್ಸ್‌ಪೆಕ್ಟರ್ ಕೆಲಸದಲ್ಲಿದ್ದವರು, 1957ರ ಸುಮಾರಿಗೆ ಶುರುಮಾಡಿ, ಒಡೆದ ಬಳೆ, ಪಿಂಗಾಣಿ ಚೂರು, ಹಳೇ ಸಿಂಕು ಎಲ್ಲ ತಂದು ಸರ್ಕಾರಿ ಕಾಡಿನಲ್ಲಿ ಗುಟ್ಟಾಗಿ ನೂರಾರು ಬೊಂಬೆಗಳನ್ನು ಕಟ್ಟಿದರು. ಅಧಿಕಾರಿಗಳಿಗೆ ಗೊತ್ತಾಗುವ ಹೊತ್ತಿಗೆ ಅದು ಎಕರೆಗಟ್ಟಲೆ ಹರಡಿತ್ತು. ಕೆಡವಲು ಮನಸ್ಸಾಗದೆ 1976ರಲ್ಲಿ ಜನರಿಗೆ ತೆರೆದರು. ಅದೇ ಈಗಿನ ರಾಕ್ ಗಾರ್ಡನ್.

"ಅವರು ಕಾಡಲ್ಲಿ ಮಾಡಿದ್ರು. ಹಾಲ್‌ನಲ್ಲಲ್ಲ" ಎಂದಳು.

ಕೋಳಿ ಗೂಡಿಗೆ ಹಾಕುವ ತಂತಿ ಬಲೆ ತಂದು ಒಂದು ಕಂಬದಂತೆ ಸುತ್ತಿದೆ. ಗಡಿಯಾರ, ನಕ್ಷೆ, ನವಿಲು, ಹಡಗು ಒಂದರ ಮೇಲೊಂದು ಕಟ್ಟಿದೆ. ಅಂಟಿಸುವುದಕ್ಕೆ ಪಿಓಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ. ಐದು ಕೇಜಿ ಬಕೆಟ್‌ಗೆ ಹಾಕಿ ನೀರು ಬೆರೆಸಿದೆ. ದೋಸೆ ಹಿಟ್ಟಿನ ಹದಕ್ಕೆ ಬಂತು. ಫೋನ್ ಬಂತು. ಭಾವ ಮಾತಾಡಲು ಶುರುಮಾಡಿದರೆ ಹತ್ತು ನಿಮಿಷಕ್ಕೆ ಕಮ್ಮಿ ಇಲ್ಲ. ವಾಪಸ್ಸು ಬಂದು ಕೈ ಹಾಕಿದರೆ ಬಕೆಟ್ ಬೆಚ್ಚಗಾಗಿತ್ತು, ಹಿಟ್ಟು ಇಡ್ಲಿಯಾಗುತ್ತಿತ್ತು. ಗಾಬರಿಯಲ್ಲಿ ಅರ್ಧವನ್ನು ಕಂಬಕ್ಕೆ ಮೆತ್ತಿ, ಉಳಿದದ್ದಕ್ಕೆ ಜಾಸ್ತಿ ನೀರು ಹಾಕಿ ತೆಳ್ಳಗೆ ಮಾಡಿ ಅಡುಗೆಮನೆ ಸಿಂಕಿಗೆ ಸುರಿದೆ.

ಪಿಓಪಿ ಒಣಗಿ ಗಟ್ಟಿಯಾಗುತ್ತದೆ ಅಂತ ನಾನು ತಿಳಿದಿದ್ದೆ. ಅದು ಒಣಗುವುದಲ್ಲ ಸ್ವಾಮಿ, ನೀರು ಕುಡಿದು ಗಟ್ಟಿಯಾಗುವುದು. ಪೈಪಿನೊಳಗೆ ನೀರಲ್ಲಿ ಮುಳುಗಿದ್ದರೂ ಅದರ ಪಾಡಿಗೆ ಅದು ಕಲ್ಲಾಗುತ್ತದೆ. ರಾತ್ರಿ ಸಾರಿನ ಪಾತ್ರೆ ತೊಳೆಯುವಾಗ ಹೆಂಡತಿ ನನ್ನ ಹೆಸರು ಹಿಡಿದು ಕರೆದಳು. ಅವಳು ಹೆಸರು ಹಿಡಿದು ಕರೆಯುವುದು ವರ್ಷಕ್ಕೆ ಒಂದೇ ಸಲ, ಅದೂ ಪೂಜೆಯ ಸಂಕಲ್ಪದಲ್ಲಿ.

ಬೆಳಿಗ್ಗೆ ಪ್ಲಂಬರ್ ಬಂದ. ಸಿಂಕಿನ ಕೆಳಗಿನ ಬಾಗಿದ ಪೈಪು ಬಿಚ್ಚಿ, ಅಂಗಳದಲ್ಲಿ ಕೂತು ಸುತ್ತ ಸುತ್ತ ತಟ್ಟಿದ. ಕೊನೆಗೆ ಪೈಪನ್ನು ಉದ್ದಕ್ಕೆ ಸೀಳಿದ. ಒಳಗಿಂದ ಒಂದೇ ತುಂಡಾಗಿ ಹೊರಗೆ ಬಂತು. ನುಣ್ಣಗೆ, ಬೆಳ್ಳಗೆ, ಎಲ್ಲೂ ಒಂದು ಬಿರುಕಿಲ್ಲದೆ ಬಾಗಿದ ಕತ್ತು. ನಾನು ಮಾಡಿದ್ದರಲ್ಲೆಲ್ಲ ಚೆನ್ನಾಗಿ ಬಂದದ್ದು ಅದೊಂದೇ.

ಪ್ಲಂಬರ್ ದುಡ್ಡಿಗೆ ಕಾಯುತ್ತಾ ಹಾಲ್‌ನಲ್ಲಿ ನಿಂತು, ತಲೆಕೆಳಗಾದ "ಪಯಣ" ನೋಡಿದ. "ಏನ್ ಸಾರ್, ಪೈಪಿಂದು ಮೊದಲೇ ಡ್ರಾಯಿಂಗ್ ಹಾಕಿ ಇಟ್ಕೊಂಡಿದ್ದೀರಲ್ಲ. ಇದನ್ನ ತೋರಿಸಿದ್ರೆ ಬೇಗ ಆಗ್ತಿತ್ತು" ಎಂದ. 650 ರೂಪಾಯಿ ತೆಗೆದುಕೊಂಡ. ಆ ಬಿಳಿ ಕತ್ತನ್ನು ಹೆಂಡತಿ ತೊಳೆದು ಒರೆಸಿ ಸಿಂಕಿನ ಮೇಲಿನ ಶೆಲ್ಫಿನಲ್ಲಿ ಇಟ್ಟಳು, ನನಗೆ ನೆನಪಿರಲಿ ಅಂತ. ಹೀಗೆ ನಮ್ಮ ಮನೆಗೆ 42ನೇ ಸ್ಮರಣಿಕೆ ಬಂತು.

ಕಂಬದ ಕೆಲಸ ಮಾತ್ರ ನಿಲ್ಲಲಿಲ್ಲ. ಕಪ್ಪು ಬಣ್ಣ ಬಳಿದಾಗ ನಿಜಕ್ಕೂ ಏನೋ ಆಯಿತು. ಚಿನ್ನದ ಥಳಕು ಹೋಗಿ ನವಿಲಿನ ಗರಿ, ಹಡಗಿನ ಹಾಯಿ, ಗಡಿಯಾರದ ಮುಳ್ಳು ಎಲ್ಲ ಒಂದೇ ಜಾತಿಯವಾದವು. ಹೆಸರಿನ ತಗಡುಗಳ ಮೇಲೂ ಬಳಿದೆ. ಬೆರಳಾಡಿಸಿದರೆ ಅಕ್ಷರ ಈಗಲೂ ಸಿಗುತ್ತದೆ. ಒಂದು ಕಡೆ ಅಣ್ಣನ ಇನಿಷಿಯಲ್, ಇನ್ನೊಂದು ಕಡೆ "ಪ್ರೀತಿಪೂರ್ವಕ". ಐದಡಿ ಎತ್ತರ. ಸರಿಸುಮಾರು ಅಣ್ಣನಷ್ಟೇ. ಬಣ್ಣದ ವಾಸನೆ ಹೋಗಲಿ ಅಂತ ಗೇಟಿನ ಒಳಗೆ ನಿಲ್ಲಿಸಿದೆ.

ಮಾರನೇ ದಿನ ಒಣ ಕಸದ ದಿನ.

ನನ್ನ ಹೆಂಡತಿ ಬೇಕೆಂದೇ ಕೊಟ್ಟಳು ಅಂತ ನಾನು ಹೇಳುವುದಿಲ್ಲ. ಹಳೇ ಪೇಪರ್, ಹಾಲಿನ ಕವರ್ ಕೊಡುವಾಗ "ಅದನ್ನೂ ತಗೊಂಡ್ಹೋಗಮ್ಮ" ಅಂದದ್ದು ಮಾತ್ರ ನನ್ನ ಕಿವಿಗೇ ಬಿತ್ತು. ನಾನು ಬಚ್ಚಲಲ್ಲಿದ್ದೆ, ಮೈ ತುಂಬ ಸೋಪು. ಆ ನಾಲ್ಕು ನಿಮಿಷದಲ್ಲಿ ಎಲ್ಲ ನೆನಪಾಯಿತು. ಜರ್ಮನಿಯ ಜೋಸೆಫ್ ಬಾಯ್ಸ್ ಕೋಣೆಯ ಮೂಲೆಗೆ ಬೆಣ್ಣೆ ಮೆತ್ತಿ ಮಾಡಿದ ಕೃತಿಯನ್ನು, ಅವರು ತೀರಿಕೊಂಡ ವರ್ಷ, 1986ರಲ್ಲಿ, ಯಾರೋ ಗಲೀಜು ಅಂತ ಒರೆಸಿಹಾಕಿದ್ದು. 2015ರಲ್ಲಿ ಇಟಲಿಯ ಬೊಲ್ಜಾನೋದ ಮ್ಯೂಸಿಯಂನಲ್ಲಿ ಖಾಲಿ ಶಾಂಪೇನ್ ಬಾಟಲಿ, ಸಿಗರೇಟ್ ತುಂಡು ಹರಡಿ ಮಾಡಿದ್ದ ಕೃತಿಯನ್ನು ಬೆಳಿಗ್ಗೆ ಬಂದ ಕ್ಲೀನರ್‌ಗಳು ರಾತ್ರಿ ಪಾರ್ಟಿಯ ಕಸ ಅಂತ ಚೀಲಕ್ಕೆ ತುಂಬಿದ್ದು. ಈಗ ಆ ಸಾಲಿಗೆ ನಾನು!

ಟವೆಲ್ ಸುತ್ತಿಕೊಂಡು ಹೊರಗೆ ಓಡಿದೆ. ಆಟೋ ಅಷ್ಟರಲ್ಲಿ ಎರಡು ಮನೆ ದಾಟಿತ್ತು. ಆದರೆ ಪೌರಕಾರ್ಮಿಕ ಹೆಂಗಸು ಕಂಬವನ್ನು ತಬ್ಬಿ ಹಿಡಿದು ನಮ್ಮ ಮನೆ ಕಡೆಗೇ ವಾಪಸ್ಸು ಬರುತ್ತಿದ್ದರು.

"ಅಮ್ಮಾ, ಇದನ್ನ ತಗೊಳಲ್ಲ" ಎಂದು ಗೇಟಿನೊಳಗೆ ಇಳಿಸಿದರು. "ಮರ ಐತೆ, ಪ್ಲಾಸ್ಟಿಕ್ ಐತೆ, ತಂತಿ ಐತೆ, ಸುಣ್ಣ ಐತೆ. ಎಲ್ಲಾ ಮಿಕ್ಸು. ಬೇರೆ ಬೇರೆ ಮಾಡಿ ಕೊಡಿ."

ಹೆಂಡತಿ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. ಹೋಗುವ ಮುಂಚೆ ಆಯಮ್ಮ ಒಂದು ಕ್ಷಣ ನಿಂತು, ಒಂಬತ್ತು ಗಡಿಯಾರಗಳನ್ನೂ ಒಂದೊಂದಾಗಿ ನೋಡಿದರು. "ಯಾವ್ದೂ ನಡೆಯಲ್ವಾ ಸಾರ್?" ಕೇಳಿದರು. ಇಲ್ಲ ಎಂದೆ. ಇವತ್ತಿನವರೆಗೆ ನನ್ನ ಶಿಲ್ಪವನ್ನು ಅಷ್ಟು ಹೊತ್ತು ನೋಡಿದವರು ಬೇರೆ ಯಾರೂ ಇಲ್ಲ.

ಇನ್ನುಳಿದದ್ದು ಅಜ್ಜಿಯ ಲಕ್ಷ್ಮಿ. ಅದರ ತೇಗದ ಚೌಕಟ್ಟಿನ ಮೇಲೆ ನನಗೆ ಮೊದಲಿಂದ ಕಣ್ಣಿತ್ತು. ಒಂದು ಸಂಜೆ ಪಂಚೆ ಬಿಚ್ಚಿ, ಹಿಂದಿನ ಮೊಳೆ ಕೀಳಲು ಕೂತೆ. ಅಮ್ಮನಿಗೆ ಈಗ 84. ಮಧ್ಯಾಹ್ನವೆಲ್ಲ ಹಾಲ್‌ನ ದಿವಾನ್ ಮೇಲೆ ಮಲಗಿರುತ್ತಾಳೆ. "ಇಲ್ಲಿ ಕೊಡು ಅದನ್ನ" ಎಂದಳು.

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ಕಾಗದದ ಮೇಲೆ ಮನೆ ಮನೆಗೆ ಬಂದರಲ್ಲ, ಆ ಪೈಕಿ ಒಂದು ಪಟ. ಆದರೆ ಅಂಗಡಿಯಿಂದ ಬಂದ ಹಾಗೆ ಉಳಿದಿರಲಿಲ್ಲ. ಲಕ್ಷ್ಮಿಯ ಸೀರೆ ಅಚ್ಚಿನದಲ್ಲ, ನಿಜವಾದ ರೇಷ್ಮೆ. ಅಂಚು ನಿಜವಾದ ಜರಿ. ಕಿರೀಟಕ್ಕೆ ಮಣಿ, ಸರಕ್ಕೆ ಚಮಕಿ. ಆ ಕಾಲದಲ್ಲಿ ಹೀಗೆ ದೇವರ ಪಟಕ್ಕೆ ಸೀರೆ ಉಡಿಸುವುದು ಹೆಂಗಸರ ಸಂಭ್ರಮ. ಅಂಥವನ್ನು ಈಗ ಮ್ಯೂಸಿಯಂಗಳು ಹುಡುಕಿ ಹುಡುಕಿ ಕೊಂಡು ಗಾಜಿನ ಹಿಂದೆ ಇಡುತ್ತಿವೆ.

"ಧಾರೆ ಸೀರೆ ಹರಿದುಹೋಯ್ತು ಅಂತ ಅಜ್ಜಿ ಅದರ ಸೆರಗು ಕತ್ತರಿಸಿ ಹಚ್ಚಿದ್ದು" ಎಂದಳು ಅಮ್ಮ. "ಮೈದಾ ಗೋಂದು. ಜಿರಳೆ ಒಂದು ಕೈ ತಿಂದುಬಿಟ್ಟಿತು. ಆಮೇಲೆ ಅಲ್ಲಿಗೆ ಬಟ್ಟೆಯಲ್ಲಿ ಹೊಸ ಕೈ ಮಾಡಿದಳು. ನೋಡು, ಆ ಕೈಗೆ ಆರು ಬೆರಳು."

ಎಣಿಸಿದೆ. ಆರೇ. ಕೆಳಗಿನ ಕೊಳದಲ್ಲಿ ಒಂದು ಹಂಸ ಇತ್ತು. ಅದಕ್ಕೂ ಅಜ್ಜಿ ಒಂದು ಹಸಿರು ಚಮಕಿಯ ಕಣ್ಣಿಟ್ಟಿದ್ದಳು.

ಆಗ ಗಂಟೆ ನಾಲ್ಕಾಗಿತ್ತು. ಬಿಸಿಲು ಗೋಡೆಗೆ ಬಂತು. ಅಮ್ಮ ಮಲಗಿದಲ್ಲಿಂದಲೇ "ಪಯಣ"ದ ಕಡೆ ಬೆರಳು ಮಾಡಿದಳು.

"ಅದನ್ಯಾಕೋ ಮೂರು ತಿಂಗಳಿಂದ ತಲೆಕೆಳಗೆ ನೇತುಹಾಕಿದ್ದೀಯ? ಪಾಪ, ಹಂಸಕ್ಕೆ ಉಸಿರು ಕಟ್ಟಲ್ವಾ?"

ನಾನು ಅಮ್ಮನಿಗೆ ಹಂಸದ ವಿಷಯ ಹೇಳಿಯೇ ಇರಲಿಲ್ಲ. ಎದ್ದು ಹೋಗಿ ಚಿತ್ರವನ್ನು ನೇರ ಮಾಡಿದೆ.

"ಕಣ್ಣಿಲ್ಲವಲ್ಲೋ" ಎಂದಳು.

ಲಕ್ಷ್ಮೀ ಪಟದ ಹಿಂದೆ ಒಂದು ಕಾಗದದ ಪೊಟ್ಟಣ ಸಿಕ್ಕಿಸಿತ್ತು. ಅಜ್ಜಿ ಮಿಕ್ಕಿಸಿ ಇಟ್ಟ ಚಮಕಿಗಳು, ಹದಿನಾಲ್ಕೋ ಹದಿನೈದೋ. ಒಂದನ್ನು ತೆಗೆದು, ಫೆವಿಕಾಲ್ ಸೋಕಿಸಿ, ಉಬ್ಬಿನ ತುದಿಯಲ್ಲಿ, ಕೊಕ್ಕಿಗಿಂತ ಸ್ವಲ್ಪ ಮೇಲೆ ಇಡಲು ಹೋದೆ. ಕೈ ನಡುಗಿತು. ಚಮಕಿ ಸ್ವಲ್ಪ ಜಾರಿ ಕೊಕ್ಕಿನ ಕೆಳಗೆ ಕೂತು, ಅಲ್ಲೇ ಹಿಡಿದುಕೊಂಡಿತು. ಎಣ್ಣೆ ಮೇಲೆ ಫೆವಿಕಾಲ್ ಎಷ್ಟು ದಿನ ನಿಲ್ಲುತ್ತದೋ, ಮೇಷ್ಟ್ರನ್ನು ಕೇಳಬೇಕು.

ಅಷ್ಟರಲ್ಲಿ ಪಕ್ಕದ ಮನೆ ಆಂಟಿ ಮೊಸರಿನ ಬಟ್ಟಲು ವಾಪಸ್ಸು ಕೊಡಲು ಬಂದರು.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಅಂದರು ಗೋಡೆ ನೋಡಿ. "ನಲ್ಲಿಯಿಂದ ಒಂದು ಹನಿ ಬೀಳೋದನ್ನೂ ಹಾಕಿಬಿಟ್ಟಿದ್ದೀರಲ್ಲ!"